ಅನುದಾನಕ್ಕೆ ಕಾದ ಇಸ್ಲಾಮಿಯಾ ಶಾಲೆ

ಮಕ್ಕಳಿಗೆ ಬ್ರಿಟನ್ನಿನ ಪಠ್ಯಕ್ರಮವೂ ಬೇಕು, ಮನೆಯ ಧರ್ಮವೂ ಉಳಿಯಬೇಕು ಎಂದು ಬಯಸುವ ಮುಸ್ಲಿಂ ಪೋಷಕರಿಗೆ ಇಂದು ಇಂಗ್ಲೆಂಡಿನಲ್ಲಿ ಶುಲ್ಕವಿಲ್ಲದ, ಸರ್ಕಾರಿ ಅನುದಾನದ ಮುಸ್ಲಿಂ ಶಾಲೆಗಳಿವೆ. 1998ಕ್ಕೆ ಮೊದಲು ಅಂಥ ಒಂದು ಶಾಲೆಯೂ ಅಲ್ಲಿರಲಿಲ್ಲ. ಕ್ರೈಸ್ತರಿಗೂ ಯಹೂದಿಗಳಿಗೂ ದಶಕಗಳಿಂದ ಸಿಗುತ್ತಿದ್ದ ಈ ಸೌಲಭ್ಯಕ್ಕಾಗಿ ಲಂಡನ್ನಿನ ಒಂದು ಪುಟ್ಟ ಶಾಲೆ ಹತ್ತು ವರ್ಷಕ್ಕೂ ಮಿಕ್ಕಿ ಅಲೆಯಬೇಕಾಯಿತು.

ಇದರ ಮೂಲವಿರುವುದು 1944ರ ಶಿಕ್ಷಣ ಕಾಯ್ದೆಯಲ್ಲಿ. ಚರ್ಚುಗಳು ನಡೆಸುತ್ತಿದ್ದ ಸಾವಿರಾರು ಶಾಲೆಗಳನ್ನು ಸರ್ಕಾರ ಆಗ ತನ್ನ ವ್ಯವಸ್ಥೆಯೊಳಗೆ ತಂದುಕೊಂಡಿತು. ಶಿಕ್ಷಕರ ಸಂಬಳ, ದಿನನಿತ್ಯದ ಖರ್ಚು ಸರ್ಕಾರದ್ದು. ಕಟ್ಟಡದ ವೆಚ್ಚದಲ್ಲಿ ಒಂದು ಪಾಲು ಧಾರ್ಮಿಕ ಸಂಸ್ಥೆಯದು. ಕಾಯ್ದೆಯಲ್ಲಿ ಎಲ್ಲಿಯೂ ‘ಮುಸ್ಲಿಮರಿಗೆ ಇಲ್ಲ’ ಎಂದಿರಲಿಲ್ಲ. ಕೇಳಲು ಆಗ ಅಲ್ಲಿ ಹೆಚ್ಚು ಮುಸ್ಲಿಮರೇ ಇರಲಿಲ್ಲ, ಅಷ್ಟೆ.

ಮೀರ್‌ಪುರ, ಸಿಲ್ಹೆಟ್ ಮುಂತಾದ ಕಡೆಗಳಿಂದ ಗಿರಣಿ, ಕಾರ್ಖಾನೆಗಳ ಕೆಲಸಕ್ಕೆಂದು ಬಂದವರು 1950 ಮತ್ತು 60ರ ದಶಕಗಳಲ್ಲಿ ಹೆಚ್ಚಿದರು. ಬಳಿಕ ಹೆಂಡತಿ ಮಕ್ಕಳೂ ಬಂದು ಸೇರಿದಾಗ ಶಾಲೆಯ ಪ್ರಶ್ನೆ ಎದುರಾಯಿತು. ಅದು ಊಟದ ತಟ್ಟೆಯಿಂದಲೇ ಶುರುವಾಗುತ್ತಿತ್ತು. ಮುಸ್ಲಿಮರು ಬಹಳವಾಗಿದ್ದ ಬ್ರಾಡ್‌ಫರ್ಡ್‌ನಲ್ಲಿ ಕೂಡ ಶಾಲೆಯ ಊಟಕ್ಕೆ ಹಲಾಲ್ ಮಾಂಸ ಬಂದದ್ದು 1983ರಲ್ಲಿ. ಹುಡುಗಿಯರ ಪ್ರತ್ಯೇಕ ಶಾಲೆಗಳು ಕಡಿಮೆಯಾಗುತ್ತಿದ್ದವು. ದಿನವೂ ಸಾಮೂಹಿಕ ಪ್ರಾರ್ಥನೆ ಕಡ್ಡಾಯ. ಅದು ಮುಖ್ಯವಾಗಿ ಕ್ರೈಸ್ತ ಸ್ವರೂಪದ್ದಾಗಿರಬೇಕೆಂದು 1988ರ ಕಾಯ್ದೆ ಸ್ಪಷ್ಟವಾಗಿಯೇ ಹೇಳಿತು. ಮಗುವನ್ನು ಪ್ರಾರ್ಥನೆಯಿಂದ ಹೊರಗಿಡುವ ಹಕ್ಕು ಪೋಷಕರಿಗಿತ್ತು, ನಿಜ. ಆದರೆ ಎಲ್ಲರೂ ಒಳಗಿರುವಾಗ ಆರು ವರ್ಷದ ಕೂಸು ಒಂದೇ ಹೊರಗೆ ಕೂರುವುದು ಎಂಥ ಹಕ್ಕು?

ಈ ಹಿನ್ನೆಲೆಯಲ್ಲಿ ಶಾಲೆ ತೆರೆದವರು ವಲಸೆ ಬಂದ ಕಾರ್ಮಿಕರಲ್ಲ, ಲಂಡನ್ನಿನಲ್ಲೇ ಹುಟ್ಟಿ ಬೆಳೆದ ಖ್ಯಾತ ಪಾಪ್ ಗಾಯಕ ಕ್ಯಾಟ್ ಸ್ಟೀವನ್ಸ್. 1977ರಲ್ಲಿ ಇಸ್ಲಾಂ ಸ್ವೀಕರಿಸಿ ಯೂಸುಫ್ ಇಸ್ಲಾಂ ಆದ ಅವರು 1983ರಲ್ಲಿ ಬ್ರೆಂಟ್ ಪ್ರದೇಶದಲ್ಲಿ ಇಸ್ಲಾಮಿಯಾ ಪ್ರಾಥಮಿಕ ಶಾಲೆ ಆರಂಭಿಸಿದರು. ಇಂಗ್ಲಿಷ್, ಗಣಿತ, ವಿಜ್ಞಾನಗಳ ಜೊತೆಗೆ ಅಲ್ಲಿ ಕುರಾನ್ ಮತ್ತು ಅರಬ್ಬಿ ಭಾಷೆಯ ಪಾಠವೂ ಇತ್ತು. ಸೇರಲು ಕಾಯುವವರ ಪಟ್ಟಿ ಬೆಳೆಯುತ್ತಾ ಹೋಯಿತು. ಹೀಗಾಗಿ ಶಾಲೆ ಅನುದಾನ ಕೇಳಿತು.

ವಿರೋಧವೂ ಸಣ್ಣದಾಗಿರಲಿಲ್ಲ. ಅಲ್ಪಸಂಖ್ಯಾತ ಮಕ್ಕಳ ಶಿಕ್ಷಣ ಕುರಿತ ಸ್ವಾನ್ ಸಮಿತಿ 1985ರ ವರದಿಯಲ್ಲಿ ಪ್ರತ್ಯೇಕ ಶಾಲೆಗಳು ಬೇಡವೆಂದಿತು. ಸಮಿತಿಯ ಕೆಲ ಸದಸ್ಯರು ಮಾತ್ರ ಒಪ್ಪಲಿಲ್ಲ. ಮಕ್ಕಳು ಬೇರೆ ಬೇರೆ ಬೆಳೆದರೆ ಸಮಾಜ ಒಡೆಯುತ್ತದೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದೇ ಮಾತು ಕ್ಯಾಥೊಲಿಕ್ ಶಾಲೆಗೂ ಅನ್ವಯಿಸಬೇಕಲ್ಲವೆ ಎಂದರೆ ಉತ್ತರ ಸಿಗುತ್ತಿರಲಿಲ್ಲ. ಅಷ್ಟರಲ್ಲಿ 1989ರ ಜನವರಿಯಲ್ಲಿ ಬ್ರಾಡ್‌ಫರ್ಡ್‌ನ ಪ್ರತಿಭಟನೆಯಲ್ಲಿ ಸಲ್ಮಾನ್ ರಶ್ದಿ ಅವರ ಕಾದಂಬರಿಯ ಪ್ರತಿ ಸುಟ್ಟದ್ದು ವಾತಾವರಣವನ್ನು ಇನ್ನಷ್ಟು ಕೆಡಿಸಿತು.

ಸರ್ಕಾರ ಅರ್ಜಿಯನ್ನು 1990ರಲ್ಲಿ ತಿರಸ್ಕರಿಸಿತು. ಶಾಲೆ ನ್ಯಾಯಾಲಯದ ಮೆಟ್ಟಿಲೇರಿತು. ಆ ತೀರ್ಮಾನ 1992ರಲ್ಲಿ ರದ್ದಾಯಿತು. ಮರು ವರ್ಷ ಮತ್ತೆ ‘ಇಲ್ಲ’. ಕಾರಣ: ಆಸುಪಾಸಿನ ಶಾಲೆಗಳಲ್ಲಿ ಸೀಟುಗಳು ಖಾಲಿ ಇವೆ! ಆ ಸೀಟುಗಳು ಬೇಡವೆಂದೇ ಪೋಷಕರು ಇಲ್ಲಿ ಸಾಲುಗಟ್ಟಿದ್ದರು.

1997ರಲ್ಲಿ ಲೇಬರ್ ಪಕ್ಷ ಅಧಿಕಾರಕ್ಕೆ ಬಂದಿತು. 1998ರ ಜನವರಿಯಲ್ಲಿ ಶಿಕ್ಷಣ ಸಚಿವ ಡೇವಿಡ್ ಬ್ಲಂಕೆಟ್ ಅವರು ಇಸ್ಲಾಮಿಯಾಕ್ಕೂ ಬರ್ಮಿಂಗ್‌ಹ್ಯಾಮ್‌ನ ಅಲ್ ಫುರ್ಕಾನ್ ಶಾಲೆಗೂ ಅನುದಾನ ಒಪ್ಪಿದರು. ಹಣದ ಜೊತೆಗೆ ಕಟ್ಟುಪಾಡೂ ಬಂತು: 1988ರ ಕಾಯ್ದೆ ತಂದಿದ್ದ ರಾಷ್ಟ್ರೀಯ ಪಠ್ಯಕ್ರಮವನ್ನು ಕಲಿಸಲೇಬೇಕು, ಸರ್ಕಾರಿ ತಪಾಸಣೆಗೆ ಒಳಪಡಲೇಬೇಕು. ಬ್ರಿಟನ್ನಿನ ಬಹುಪಾಲು ಮುಸ್ಲಿಂ ಮಕ್ಕಳು ಸಾಮಾನ್ಯ ಶಾಲೆಗಳಲ್ಲೇ ಓದುತ್ತಾ ಬಂದಿದ್ದಾರೆ. ಬೇರೆ ಶಾಲೆ ಬೇಕೆಂದವರಿಗೆ ಮೊದಲ ಬಾರಿಗೆ, ಜೇಬು ನೋಡಿಕೊಳ್ಳದೆ ಆರಿಸುವ ಅವಕಾಶ ದೊರೆಯಿತು.

ಪ್ರೌಢಶಾಲೆಗೆ ಇನ್ನೂ ಮೂರು ವರ್ಷ ಬೇಕಾಯಿತು. 2001ರಲ್ಲಿ ಮೊದಲ ಅನುದಾನಿತ ಮುಸ್ಲಿಂ ಪ್ರೌಢಶಾಲೆ ಎನಿಸಿದ ಫೆವರ್‌ಶ್ಯಾಮ್ ಕಾಲೇಜು ಇದ್ದುದು ಬ್ರಾಡ್‌ಫರ್ಡ್‌ನಲ್ಲಿ. ಅದು ಹುಡುಗಿಯರ ಶಾಲೆ.