ರಾಜ್ಯಕ್ಕಿಂತ ಮೊದಲೇ ‘ಕರ್ನಾಟಕ’ವಾದದ್ದು

ಧಾರವಾಡದಲ್ಲಿ ಮಳೆ ಹಿಡಿಯಿತೆಂದರೆ ಬೇಗ ಬಿಡುವುದಿಲ್ಲ. ಸಾಧನಕೇರಿ, ಕೆಲಗೇರಿ ಕೆರೆಗಳ ಈ ತಂಪು ಊರಿನ ಛೋಟಾ ಮಹಾಬಳೇಶ್ವರ ಗುಡ್ಡದಲ್ಲಿ ನೂರಾರು ಎಕರೆಗಳಷ್ಟು ಹರಡಿಕೊಂಡಿದೆ ಕರ್ನಾಟಕ ವಿಶ್ವವಿದ್ಯಾಲಯ. ನಮ್ಮ ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರಲ್ಲಿ. ಈ ವಿದ್ಯಾಸಂಸ್ಥೆ ಆ ಹೆಸರನ್ನು 1949ರಲ್ಲಿಯೇ ಪಡೆದಿತ್ತು.

ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಸೀಮೆಗಳೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಕಾಲೇಜು ಕಲಿಯಬೇಕೆಂಬ ಹುಡುಗರು ಮೊದಲು ಪುಣೆ, ಮುಂಬಯಿಗಳ ದಾರಿ ಹಿಡಿಯಬೇಕಾಗಿತ್ತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದಾಗ ಆ ಅಲೆದಾಟ ತಗ್ಗಿತು. ಆದರೂ ಪಠ್ಯ, ಪರೀಕ್ಷೆ, ಪದವಿ ಎಲ್ಲವೂ ಮುಂಬಯಿ ವಿಶ್ವವಿದ್ಯಾಲಯದವೇ. ಕಲಿಕೆ ಮನೆಯ ಹತ್ತಿರ ಬಂದಿತ್ತು. ಅದರ ಅಧಿಕಾರ ಮಾತ್ರ ದೂರವೇ ಉಳಿದಿತ್ತು.

ಸ್ವಾತಂತ್ರ್ಯಾನಂತರ ಆ ಕೊರತೆ ನೀಗಿತು. 1949ರಲ್ಲಿ ಹೊಸ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು ಮುಂಬಯಿಯಲ್ಲಿ! ಮರುವರ್ಷ ಅದು ಧಾರವಾಡಕ್ಕೆ ಬಂದಿತು. ಗುಡ್ಡದ ಮೇಲೆ ಅದಕ್ಕೆ ರೂಪ ಕೊಟ್ಟವರು 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಡಿ.ಸಿ. ಪಾವಟೆ. ಗೋಕಾಕ ತಾಲೂಕಿನ ಮಮದಾಪುರದಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದವರು ಅವರು. ಆವರಣಕ್ಕೆ ‘ಪಾವಟೆ ನಗರ’ವೆಂಬ ಹೆಸರು ಬಂದದ್ದು ಅವರಿಂದಲೇ.

1956ರಲ್ಲಿ ಕನ್ನಡ ಪ್ರದೇಶಗಳು ಒಂದಾದವು. ಅಲ್ಲಿಯವರೆಗೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದತ್ತ ನೋಡುತ್ತಿದ್ದ ಗುಲ್ಬರ್ಗ, ಬೀದರ, ರಾಯಚೂರುಗಳೂ ಧಾರವಾಡದ ಕಡೆಗೆ ಹೊರಳಿದವು. ಬೇರೆ ಬೇರೆ ಆಡಳಿತಗಳಲ್ಲಿ ಬೆಳೆದ ಹುಡುಗರು ಒಂದೇ ವಿಶ್ವವಿದ್ಯಾಲಯದ ಪದವೀಧರರಾದರು. ಏಕೀಕರಣ ನಕಾಶೆಯ ಮೇಲೆ ಒಂದೇ ದಿನದಲ್ಲಿ ಮುಗಿದಿರಬಹುದು. ಜನರ ನಡುವೆ ಅದು ನಡೆದದ್ದು ಇಂಥ ತರಗತಿಗಳಲ್ಲಿ, ವಸತಿಗೃಹಗಳಲ್ಲಿ.

ಮುಂದೆ ಅದರ ವ್ಯಾಪ್ತಿ ಕಿರಿದಾಗುತ್ತ ಬಂದಿತು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬೇರೆಯಾದವು. ಇವೆರಡಕ್ಕೂ ಧಾರವಾಡ ಅಲ್ಲಿ ನಡೆಸುತ್ತಿದ್ದ ಸ್ನಾತಕೋತ್ತರ ಕೇಂದ್ರಗಳೇ ತಳಹದಿ. ಇದನ್ನು ನಷ್ಟವೆಂದು ಕೊರಗಬೇಕಾಗಿಲ್ಲ. ಪದವಿಗಾಗಿ ಮಕ್ಕಳು ದೂರ ಹೋಗಬಾರದೆಂದೇ ಅಲ್ಲವೆ ಧಾರವಾಡದ ಹಿರಿಯರು ವಿಶ್ವವಿದ್ಯಾಲಯ ಬೇಡಿದ್ದು? ಅದೇ ಮಾತನ್ನು ಮುಂದೆ ಗುಲ್ಬರ್ಗ, ಬೆಳಗಾವಿಗಳೂ ಆಡಿದವು.