ಪಾಲುಪಟ್ಟಿಯಿಂದ ನ್ಯಾಯಮಂಡಳಿಗೆ: ರಾಮನಗರ ಸೀಮೆಯಲ್ಲಿ ತಂದೆತಾಯಿಯ ಜೀವನಾಂಶ

ಮುಪ್ಪಿನಲ್ಲಿ ತಂದೆತಾಯಿಯನ್ನು ಸಾಕುವುದು ಮಕ್ಕಳ ಕಾನೂನುಬದ್ಧ ಹೊಣೆ ಎಂಬುದು ಇತ್ತೀಚಿನ ಶಾಸನಗಳ ಸೃಷ್ಟಿಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆಯಾದರೂ, ಅದರ ಹಳೆಯ ರೂಪವೊಂದನ್ನು ಕನ್ನಡ ನೆಲದಲ್ಲೇ, ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (ಆಳ್ವಿಕೆ 1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಕಾಣಬಹುದು. ಈ ಪರಂಪರೆಯನ್ನು ಆಧರಿಸಿ ಬೆಳೆದ ಹಿಂದೂ ಕಾನೂನಿನಲ್ಲಿ ವೃದ್ಧ ತಂದೆತಾಯಿಯ ಪೋಷಣೆ ಮಗನ ವೈಯಕ್ತಿಕ ಹೊಣೆಯಾಗಿತ್ತು. ಅಂದರೆ, ಪಿತ್ರಾರ್ಜಿತ ಆಸ್ತಿ ಅವನ ಕೈಗೆ ಬಂದಿರಲಿ, ಬರದಿರಲಿ, ಹೊಣೆ ತಪ್ಪುತ್ತಿರಲಿಲ್ಲ. ಶಾಸ್ತ್ರ ಹೀಗೆ ಆಸ್ತಿಯನ್ನೂ ಹೊಣೆಯನ್ನೂ ಬೇರೆಬೇರೆಯಾಗಿ ಇಟ್ಟಿದ್ದರೂ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಒಕ್ಕಲು ಮನೆಗಳಲ್ಲಿ ಅವೆರಡೂ ಒಂದೇ ಹಗ್ಗದಲ್ಲಿ ಹೊಸೆದುಕೊಂಡಿದ್ದವು.

ಜಮೀನಿನ ಖಾತೆ ತಂದೆಯ ಹೆಸರಿನಲ್ಲಿರುವವರೆಗೆ ಅವನ ಮುಪ್ಪಿಗೆ ಬೇರೆ ರಕ್ಷಣೆ ಬೇಕಾಗಿರಲಿಲ್ಲ. ತೊಡಕು ಹುಟ್ಟುತ್ತಿದ್ದುದು ಅಣ್ಣತಮ್ಮಂದಿರು ಬೇರೆಯಾಗುವಾಗ. ಆಗ ಊರಿನ ಹಿರಿಯರು ಕುಳಿತು ಪಾಲುಪಟ್ಟಿ, ಅಂದರೆ ವಿಭಾಗದ ಕರಾರನ್ನು, ಬರೆಸುತ್ತಿದ್ದರು. ತಂದೆತಾಯಿಯ ಜೀವಿತಾವಧಿಗೆಂದು ಒಂದು ತುಂಡು ಹೊಲವನ್ನು ಪಾಲಿಗೆ ಸೇರಿಸದೆ ಉಳಿಸುವುದು, ಇಲ್ಲವೇ ಸುಗ್ಗಿಯಾದ ಮೇಲೆ ಪ್ರತಿ ಮಗನೂ ಇಂತಿಷ್ಟು ರಾಗಿ ಅಳೆದುಕೊಡಬೇಕೆಂದು ಕಾಣಿಸುವುದು, ಅದೂ ಇಲ್ಲವಾದರೆ ಮುದುಕರು ತಿಂಗಳಿಗೊಂದು ಮನೆಯಂತೆ ಸರದಿಯಲ್ಲಿ ಉಣ್ಣಬೇಕೆಂದು ತೀರ್ಮಾನಿಸುವುದು ರೂಢಿ. ಈ ಏರ್ಪಾಡನ್ನು ಕಳೆದುಹೋದ ಸುವರ್ಣಯುಗವೆಂದು ಹೊಗಳಬೇಕಿಲ್ಲ. ಸರದಿಯ ಊಟದಲ್ಲಿ ತಂದೆ ಒಬ್ಬ ಮಗನ ಮನೆಗೂ ತಾಯಿ ಇನ್ನೊಬ್ಬನ ಮನೆಗೂ ಹಂಚಿಹೋಗುವುದಿತ್ತು. ಜಮೀನಿಲ್ಲದವರಿಗೆ ಪಾಲುಪಟ್ಟಿಯೇ ಇರಲಿಲ್ಲ. ಹೆಣ್ಣುಮಕ್ಕಳಿಗೆ ಅದರಲ್ಲಿ ಹಕ್ಕೂ ಇರಲಿಲ್ಲ, ಹೊಣೆಯೂ ಇರಲಿಲ್ಲ.

ಶಾಸನಗಳು ಈ ಕ್ಷೇತ್ರಕ್ಕೆ ತಡವಾಗಿಯೇ ಬಂದವು. 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಮು ಹೆಂಡತಿ ಮತ್ತು ಮಕ್ಕಳಿಗೆ ಮಾತ್ರ ಜೀವನಾಂಶ ಕೊಡಿಸುತ್ತಿತ್ತು; ತಂದೆತಾಯಿಯ ಪ್ರಸ್ತಾಪ ಅದರಲ್ಲಿ ಇರಲಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮು ವೃದ್ಧ ಅಥವಾ ಅಶಕ್ತ ತಂದೆತಾಯಿಯ ಹೊಣೆಯನ್ನು ಮಗನ ಜೊತೆಗೆ ಮಗಳ ಮೇಲೂ ಹೊರಿಸಿತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಸಂಹಿತೆಯ 125ನೇ ಕಲಮು ತಂದೆತಾಯಿಯನ್ನು ಸೇರಿಸಿಕೊಂಡು, ಧರ್ಮಭೇದವಿಲ್ಲದೆ ಎಲ್ಲರಿಗೂ ಅನ್ವಯವಾಯಿತು. ಮದುವೆಯಾದ ಮಗಳೂ ಇದಕ್ಕೆ ಒಳಪಡುತ್ತಾಳೆಂದು ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿತು. ಆದರೆ ತಿಂಗಳಿಗೆ 500 ರೂಪಾಯಿಯ ಮಿತಿ 2001ರ ತಿದ್ದುಪಡಿಯವರೆಗೂ ಉಳಿದಿತ್ತು, ಮತ್ತು ಅಷ್ಟಕ್ಕಾಗಿ ಹೆತ್ತ ಮಗನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲು ಒಕ್ಕಲಿಗರ ಮನೆಯ ಹಿರಿಯರು ಮನಸ್ಸು ಮಾಡುವುದು ಸುಲಭವಿರಲಿಲ್ಲ.

ಈ ನಡುವೆ ಜಮೀನಿನ ಸ್ವರೂಪವೇ ಬದಲಾಯಿತು. ಬಿಡದಿ ಮತ್ತು ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಗಳು, ಬೆಂಗಳೂರು–ಮೈಸೂರು ಹೆದ್ದಾರಿ ಹಾಗೂ ಬೆಂಗಳೂರಿನ ವಿಸ್ತರಣೆಯಿಂದಾಗಿ ರಾಗಿಯ ಲೆಕ್ಕದಲ್ಲಿ ಬೆಲೆ ಕಟ್ಟುತ್ತಿದ್ದ ಹೊಲವನ್ನು ನಿವೇಶನದ ಚದರಡಿಯ ಲೆಕ್ಕದಲ್ಲಿ ನೋಡುವಂತಾಯಿತು. ತಂದೆ ಬದುಕಿರುವಾಗಲೇ ದಾನಪತ್ರ ಬರೆಸಿಕೊಳ್ಳುವ, ಖಾತೆ ಬದಲಾಯಿಸಿಕೊಳ್ಳುವ ಅವಸರ ಇದರ ಬೆನ್ನಿಗೇ ಬಂದಿತು. ಈ ನಾಲ್ಕು ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದ (2025ರಲ್ಲಿ ಇದಕ್ಕೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲಾಯಿತು) 2007ರಲ್ಲೇ ಸಂಸತ್ತು ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯನ್ನು ಅಂಗೀಕರಿಸಿತು. ಕರ್ನಾಟಕದಲ್ಲಿ ಅದು 2008ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ಉಪವಿಭಾಗಾಧಿಕಾರಿಯೇ ನ್ಯಾಯಮಂಡಳಿಯ ಅಧ್ಯಕ್ಷರು, ಮೇಲ್ಮನವಿ ಜಿಲ್ಲಾಧಿಕಾರಿಗೆ. ವಕೀಲರ ಹಂಗಿಲ್ಲದೆ ಅರ್ಜಿ ಕೊಡಬಹುದು. ಮಕ್ಕಳಿಗೆ ನೋಟಿಸು ತಲುಪಿದ 90 ದಿನಗಳೊಳಗೆ ಆದೇಶವಾಗಬೇಕು, ವಿಶೇಷ ಕಾರಣವಿದ್ದರೆ ಇನ್ನೂ 30 ದಿನ. ಪಹಣಿ, ಖಾತೆಯ ತಕರಾರುಗಳನ್ನು ಕೇಳುವ ಅಧಿಕಾರಿಯೇ ತಾಯಿಯ ಊಟ, ಔಷಧಿಯ ತಕರಾರನ್ನೂ ಕೇಳುವಂತಾದದ್ದು ಈ ಸೀಮೆಯ ಮಟ್ಟಿಗೆ ಆಕಸ್ಮಿಕವಾದರೂ ಸೂಕ್ತವೇ.

ಕಾಯ್ದೆಯ 23ನೇ ಕಲಮಿನಲ್ಲಿ ಹಳೆಯ ಪಾಲುಪಟ್ಟಿಯ ತರ್ಕ ಮತ್ತೆ ತಲೆಯೆತ್ತಿದೆ. ಕಾಯ್ದೆ ಜಾರಿಯಾದ ಮೇಲೆ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನೊಂದಿಗೆ ಹಿರಿಯರು ಆಸ್ತಿ ಬರೆದುಕೊಟ್ಟಿದ್ದು, ಪಡೆದವರು ಅದನ್ನು ಪಾಲಿಸದಿದ್ದರೆ, ಆ ವರ್ಗಾವಣೆಯನ್ನು ನ್ಯಾಯಮಂಡಳಿ ಅನೂರ್ಜಿತವೆಂದು ಘೋಷಿಸಬಹುದು. ಆದರೆ ದಾನಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದು ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ ಎಂಬ ಒಕ್ಕಣೆಯೇ ಹೊರತು ಷರತ್ತಲ್ಲ. ಷರತ್ತು ಇದ್ದುದನ್ನು ಸಾಬೀತುಪಡಿಸಲೇಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಹಿರಿಯರ ಹಿತಕ್ಕಾಗಿ ರೂಪುಗೊಂಡ ಈ ಕಾಯ್ದೆಯನ್ನು ಉದಾರವಾಗಿ ಅರ್ಥೈಸಬೇಕೆಂದಿತು. ಊರಿನ ಹಿರಿಯರು ರಾಗಿಯ ಅಳತೆಯನ್ನು ಕಾಗದಕ್ಕೆ ಹಾಕಿಸುತ್ತಿದ್ದ ಎಚ್ಚರಿಕೆ, ನೋಂದಣಿ ಕಚೇರಿಯ ಸಿದ್ಧ ಒಕ್ಕಣೆಯಲ್ಲಿ ತಪ್ಪಿಹೋಯಿತೆನ್ನಬೇಕು.

ಹೆಣ್ಣುಮಕ್ಕಳ ಸ್ಥಿತಿ ಇನ್ನೂ ವಿಚಿತ್ರ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ 1994ರ ತಿದ್ದುಪಡಿಯೂ ಕೇಂದ್ರದ 2005ರ ತಿದ್ದುಪಡಿಯೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಅವರಿಗೆ ಪಾಲು ಕೊಟ್ಟವು. ಆ ಪಾಲನ್ನು ಹಕ್ಕು ಬಿಡುಗಡೆ ಪತ್ರದ ಮೂಲಕ ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟ ಮಗಳು 2007ರ ಕಾಯ್ದೆಯ ಕಣ್ಣಿನಲ್ಲಿ ಮಗಳಾಗಿಯೇ ಉಳಿಯುತ್ತಾಳೆ, ಆದ್ದರಿಂದ ಜೀವನಾಂಶದ ಅರ್ಜಿಯಲ್ಲಿ ಅವಳೂ ಪ್ರತಿವಾದಿಯಾಗಬಹುದು. ಬಿಟ್ಟದ್ದು ಆಸ್ತಿ, ಹೊಣೆಯಲ್ಲ.

ಜಮೀನಿಲ್ಲದವರಿಗೆ ಈ ಚರ್ಚೆಯ ಬಹುಭಾಗ ಸಂಬಂಧವೇ ಇಲ್ಲ. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡನ್ನು ತಿರುಗಣಿಗೆ ಏರಿಸಿ, ಅದು ಸುತ್ತುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುವ ಕುಶಲಕರ್ಮಿಗೆ ಕೈ ನಡುಗಿದ ದಿನವೇ ಸಂಪಾದನೆ ನಿಲ್ಲುತ್ತದೆ. ರಾಮನಗರದಲ್ಲಿ ಬಿಸಿನೀರಿನ ತೊಟ್ಟಿಯಿಂದ ರೇಷ್ಮೆಗೂಡಿನ ಎಳೆ ಹಿಡಿಯುವವರ ಪಾಡೂ ಅದೇ. ಇವರಲ್ಲಿ ಅನೇಕರು ಮುಸ್ಲಿಮರು, ಮತ್ತು ಅನುಕೂಲವಂತ ಮಕ್ಕಳು ಬಡ ತಂದೆತಾಯಿಯನ್ನು ಸಾಕಲೇಬೇಕೆಂಬ ನಿಯಮ ಅವರ ವೈಯಕ್ತಿಕ ಕಾನೂನಿನಲ್ಲೂ ಸ್ಪಷ್ಟವಾಗಿದೆ. ರದ್ದುಪಡಿಸಲು ದಾನಪತ್ರವಿಲ್ಲದ ಇಂಥ ಮನೆಗಳಲ್ಲಿ ಉಳಿಯುವುದು ಮಾಸಿಕ ಮೊತ್ತವೊಂದೇ. ಅದಕ್ಕೆ 2007ರ ಕಾಯ್ದೆ ಹಾಕಿದ 10,000 ರೂಪಾಯಿಯ ಮಿತಿ ಇಂದಿನ ಬೆಲೆಗಳಿಗೆ ಸಾಲದೆಂದು, ಅದನ್ನು ಪರಿಷ್ಕರಿಸಬೇಕೆಂದು ಕರ್ನಾಟಕ ಹೈಕೋರ್ಟ್ 2025ರಲ್ಲಿ ಕೇಂದ್ರಕ್ಕೆ ಶಿಫಾರಸು ಮಾಡಿದೆ. ದಿನಗೂಲಿಯ ಮೇಲೆ ಬದುಕುವ ಮಗನಿಂದ ಆ ಮಿತಿಯಷ್ಟು ಹಣವನ್ನೂ ಯಾವ ಆದೇಶವೂ ಕೊಡಿಸಲಾರದು.