ರೈಲ್ವೆ ಷೇರುಗಳ ಉನ್ಮಾದ

ನೂತನ ಯಂತ್ರವೊಂದು ಲೋಕೋಪಕಾರಿಯೆಂಬುದು ಒಂದು ಮಾತು. ಆ ಯಂತ್ರದ ಹೆಸರಿನಲ್ಲಿ ಮಾರುವ ಷೇರು ಕೊಂಡವನಿಗೆ ಲಾಭಕರವೆಂಬುದು ಬೇರೊಂದು ಮಾತು. ಇವೆರಡನ್ನೂ ಒಂದೆಂದು ಭ್ರಮಿಸಿದ ಜನಸಮುದಾಯವು ಎಂತಹ ವಿಪತ್ತಿಗೆ ಗುರಿಯಾಗುವುದೆಂಬುದನ್ನು 1840ರ ದಶಕದ ಇಂಗ್ಲೆಂಡಿನ ಚರಿತ್ರೆಯು ವಿಶದಪಡಿಸುತ್ತದೆ.

1830ರಲ್ಲಿ ಪ್ರಾರಂಭವಾದ ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲುಮಾರ್ಗವು ಪಾಲುದಾರರಿಗೆ ಒಳ್ಳೆಯ ಲಾಭಾಂಶವನ್ನು ಹಂಚಿದ್ದೇ ತಡ, ಪ್ರವರ್ತಕರು ಊರೂರಿಗೂ ಒಂದೊಂದು ಕಂಪನಿಯನ್ನು ಕಲ್ಪಿಸತೊಡಗಿದರು. ಗಣ್ಯರ ಹೆಸರುಗಳಿಂದ ಅಲಂಕೃತವಾದ ಪ್ರಕಟಣೆಯೊಂದು ಹೊರಡುತ್ತಿದ್ದಿತು. ಅಲ್ಪ ಮುಂಗಡವಿತ್ತು ಪಡೆದ ರಸೀತಿಯು, ಒಂದು ಗಜ ಹಳಿಯನ್ನೂ ಹಾಸುವ ಮೊದಲೇ, ಪೇಟೆಯಲ್ಲಿ ಹೆಚ್ಚಿನ ಬೆಲೆಗೆ ಬಿಕರಿಯಾಗುತ್ತಿದ್ದಿತು. ಉಳಿದ ಹಣವನ್ನು ಕಂಪನಿಯು ಕೇಳಿದಾಗಲೆಲ್ಲ ಕಂತುಕಂತಾಗಿ ತೆರಬೇಕೆಂಬ ಷರತ್ತನ್ನು ಲೆಕ್ಕಿಸಿದವರು ಕೆಲವರೇ. ಯೋಜನೆಗಳ ನಕ್ಷೆಗಳನ್ನು ಸರ್ಕಾರಕ್ಕೆ ಒಪ್ಪಿಸಲು ಗೊತ್ತುಪಡಿಸಿದ್ದ ಕಡೆಯ ದಿನವಾದ 1845ರ ನವೆಂಬರ್ 30ರ ಭಾನುವಾರ, ಪ್ರವರ್ತಕರ ಗುಮಾಸ್ತರು ವಿಶೇಷ ರೈಲುಗಳಲ್ಲಿಯೂ ಕುದುರೆಗಾಡಿಗಳಲ್ಲಿಯೂ ಲಂಡನ್ನಿಗೆ ಧಾವಿಸಿ, ನಡುರಾತ್ರಿಯವರೆಗೂ ಕಚೇರಿಯ ಬಾಗಿಲಲ್ಲಿ ನೂಕಾಡಿದರು.

ಈ ಸಂಭ್ರಮದ ನಾಯಕನಾಗಿ ಮೆರೆದವನು ಯಾರ್ಕ್ ನಗರದ ಬಟ್ಟೆ ವ್ಯಾಪಾರಿಯಾಗಿದ್ದ ಜಾರ್ಜ್ ಹಡ್ಸನ್. ಜನರು ಅವನನ್ನು ‘ರೈಲ್ವೆ ದೊರೆ’ಯೆಂದು ಕರೆದರು, ಪಾರ್ಲಿಮೆಂಟಿಗೂ ಆರಿಸಿ ಕಳುಹಿಸಿದರು. ಲಾಭಾಂಶವು ಕೈಸೇರುತ್ತಿದ್ದಷ್ಟು ಕಾಲ ಅದರ ಮೂಲವನ್ನು ವಿಚಾರಿಸುವ ಗೊಡವೆ ಹೆಚ್ಚಿನವರಿಗೆ ಬೇಕಿರಲಿಲ್ಲ. ಅಂತಹ ಕಾಲದಲ್ಲಿಯೂ ವಿವೇಕದ ಧ್ವನಿಗಳಿದ್ದವು. ‘ದಿ ಟೈಮ್ಸ್’ ಮತ್ತು ‘ದಿ ಎಕಾನಮಿಸ್ಟ್’ ಪತ್ರಿಕೆಗಳು, ದೇಶದ ಉಳಿತಾಯವು ಇಷ್ಟೊಂದು ಮಾರ್ಗಗಳ ಭಾರವನ್ನು ಹೊರಲಾರದೆಂದು ಎಚ್ಚರಿಸಿದವು. ಹಡ್ಸನ್ನನ ಕಂಪನಿಯೊಂದರಲ್ಲಿ ಹಣವಿಟ್ಟಿದ್ದ, ಕಾದಂಬರಿಕಾರ್ತಿಯರಾದ ಬ್ರಾಂಟೆ ಸಹೋದರಿಯರ ಪೈಕಿ ಷಾರ್ಲಟ್ಟಳು ಷೇರುಗಳನ್ನು ಮಾರಿಬಿಡುವುದು ಲೇಸೆಂದು ಬಗೆದಿದ್ದಳು. ಆದರೆ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ತಂಗಿ ಎಮಿಲಿಯ ಮನಸ್ಸನ್ನು ನೋಯಿಸಲಾರದೆ ಸುಮ್ಮನಾದಳು.

1845ರ ಅಕ್ಟೋಬರಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿಯ ದರವನ್ನು ಏರಿಸಿತು, ಬೆಲೆಗಳು ಕುಸಿಯಲಾರಂಭಿಸಿದವು, ಆದರೆ ಕಂತುಗಳ ಬೇಡಿಕೆ ಮಾತ್ರ ನಿಲ್ಲಲಿಲ್ಲ. ಅನುಮತಿ ಪಡೆದ ಮಾರ್ಗಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ನಿರ್ಮಾಣವಾಗಲೇ ಇಲ್ಲ. 1849ರಲ್ಲಿ ಪಾಲುದಾರರ ಸಮಿತಿಗಳು ಲೆಕ್ಕಪುಸ್ತಕಗಳನ್ನು ಬಿಚ್ಚಿ ನೋಡಿದಾಗ, ಹಡ್ಸನ್ನನು ಅಸಲು ಬಂಡವಾಳವನ್ನೇ ಲಾಭಾಂಶವೆಂದು ಹಂಚಿದ್ದುದೂ, ತನ್ನ ಷೇರುಗಳನ್ನು ತನ್ನದೇ ಅಧ್ಯಕ್ಷತೆಯ ಕಂಪನಿಗೆ ಪೇಟೆಯ ದರವನ್ನು ಮೀರಿದ ಬೆಲೆಗೆ ಮಾರಿದ್ದುದೂ ಬಯಲಿಗೆ ಬಂದಿತು.

ಈ ಪತನದ ಫಲವನ್ನು ಉಂಡವರು ಇಂಗ್ಲೆಂಡಿನವರಷ್ಟೇ ಅಲ್ಲ. ಪೆಟ್ಟುತಿಂದು ಅಂಜಿದ ಅಲ್ಲಿನ ಬಂಡವಾಳವು ಭಾರತದ ರೈಲ್ವೆಗಳಿಗೆ ಖಾತರಿಯಿಲ್ಲದೆ ಬರಲೊಲ್ಲದಾಯಿತು. 1849ರ ಒಪ್ಪಂದಗಳ ಮೂಲಕ ಈಸ್ಟ್ ಇಂಡಿಯಾ ಕಂಪನಿಯು ಶೇಕಡಾ 5ರ ಪ್ರತಿಫಲಕ್ಕೆ ಹೊಣೆಯಾಯಿತು. 1864ರಲ್ಲಿ ಬೆಂಗಳೂರಿಗೆ ರೈಲನ್ನು ತಂದ ಮದ್ರಾಸ್ ರೈಲ್ವೆ ಕಂಪನಿಯೂ ಇಂತಹುದೇ ಖಾತರಿಯ ಆಸರೆಯಲ್ಲಿ ಬೆಳೆದುದು. ನಷ್ಟವಾದರೆ ಕಂದಾಯದ ಮೂಲಕ ತುಂಬಿಕೊಡಬೇಕಾದವನು ಒಂದು ಷೇರನ್ನೂ ಕಂಡರಿಯದ ಇಲ್ಲಿನ ರೈತ.

ರೈಲು ಸುಳ್ಳಾಗಲಿಲ್ಲ, ಅಂದು ನಿರ್ಮಿಸಿದ ಹಲವು ಮಾರ್ಗಗಳಲ್ಲಿ ಇಂದಿಗೂ ಬಂಡಿಗಳು ಓಡುತ್ತಿವೆ. ಸುಳ್ಳಾದುದು ಪ್ರವರ್ತಕನ ಲೆಕ್ಕ. ಆದುದರಿಂದ ಹೊಸ ವಿದ್ಯೆಯ ಮಹಿಮೆಯನ್ನು ಮುಂದಿಟ್ಟು ಹಣ ಬೇಡುವವನನ್ನು, ಲಾಭವು ಎಲ್ಲಿಂದ ಬರುವುದೆಂದೂ ನಷ್ಟವನ್ನು ಯಾರು ಹೊರುವರೆಂದೂ ಕೇಳುವಾತನು ಪ್ರಗತಿಯ ವೈರಿಯಲ್ಲ. ಆ ವಿದ್ಯೆಗೂ ಸಮಾಜಕ್ಕೂ ಅವನೇ ನಿಜವಾದ ಹಿತೈಷಿ.